ಉಗ್ರಾಣದ ಬಾಗಿಲಲ್ಲಿ ಕೇಳಿ

ಕೇಳುಗರಿಗೆ ನಮಸ್ಕಾರ.

ನಮ್ಮ ಅಜ್ಜಿಯದೊಂದು ಫೋಟೋ ಇದೆ. ಐಫೋನಿನಲ್ಲಿ ತೆಗೆದದ್ದು. ನಗು ಚೆನ್ನಾಗಿ ಬಂದಿದೆ, ಆದರೆ ಹಿಂದೆ ಬಟ್ಟೆ ಒಣಹಾಕುವ ಹಗ್ಗ. "ಆ ಹಗ್ಗ ಅಳಿಸಿ ಕಟ್ಟು ಹಾಕಿಸೋ" ಎಂದರು ಅಮ್ಮ.

ಫೋಟೋ ನನ್ನ ಮ್ಯಾಕ್ ಕಂಪ್ಯೂಟರಿನ 'ಫೋಟೋಸ್' ಆ್ಯಪ್‌ನಲ್ಲಿ ಕಣ್ಣೆದುರೇ ಇದೆ. ತಿದ್ದೋದಕ್ಕೆ ಗಿಂಪ್ ಎಂಬ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ಗಿಂಪ್‌ನಿಂದ ಹುಡುಕಿದರೆ ಅಜ್ಜಿ ಸಿಗುವುದಿಲ್ಲ! ಪಿಕ್ಚರ್ಸ್ ಫೋಲ್ಡರ್ ತೆರೆದರೆ 'ಫೋಟೋಸ್ ಲೈಬ್ರರಿ' ಎಂಬ ಒಂದೇ ಗಂಟು.

ಮದುವೆಮನೆಯ ಉಗ್ರಾಣ ನೋಡಿದ್ದೀರಲ್ವಾ? ಸಕ್ಕರೆ ಬೇಕಾದರೆ ಬಾಗಿಲಲ್ಲಿ ನಿಂತು ಕೇಳಬೇಕು, ಉಗ್ರಾಣದವರು ಅಳೆದು ಕೊಡುತ್ತಾರೆ. ನಾವೇ ನುಗ್ಗಿ ಡಬ್ಬ ಎತ್ತಿದರೆ ಅವರ ಲೆಕ್ಕ ತಪ್ಪುತ್ತದೆ. ಈ ಗಂಟೂ ಹಾಗೆಯೇ.

ನಾನು ನುಗ್ಗಿದೆ. ಗಂಟಿನ ಮೇಲೆ ಬಲ ಕ್ಲಿಕ್ ಮಾಡಿ 'ಶೋ ಪ್ಯಾಕೇಜ್ ಕಂಟೆಂಟ್ಸ್' ಒತ್ತಿದರೆ ಒಳಗೆ 'ಒರಿಜಿನಲ್ಸ್' ಫೋಲ್ಡರ್. ಅದರೊಳಗೆ 0ಯಿಂದ 9, ಎಯಿಂದ ಎಫ್ ಅಂತ 16 ಫೋಲ್ಡರ್. ಪ್ರತಿ ಚಿತ್ರಕ್ಕೂ ಅಂಕಿ, ಅಕ್ಷರ ಬೆರೆತ ಉದ್ದನೆಯ ಹೆಸರು. ಹೇಗೋ ಅಜ್ಜಿಯನ್ನು ಹುಡುಕಿ, ಬುದ್ಧಿವಂತನ ಹಾಗೆ ಆ ಫೈಲಿಗೆ 'ಅಜ್ಜಿ' ಎಂದೇ ಹೆಸರಿಟ್ಟೆ. ಅಲ್ಲಿಗೆ ಫೋಟೋಸ್‌ಗೆ ಮೂಲ ಚಿತ್ರ ಕಾಣದಾಯಿತು. ಅದು ಹುಡುಕುವುದು ಆ ಉದ್ದ ಹೆಸರನ್ನು, ನಮ್ಮಜ್ಜಿಯನ್ನಲ್ಲ. ಹಳೆಯ ಹೆಸರು ವಾಪಸ್ ಇಡುವಷ್ಟರಲ್ಲಿ ಬೆವರು ಬಂತು.

ಕೇಳಿ ಪಡೆಯುವ ದಾರಿ ಸುಲಭ. ಫೋಟೋಸ್‌ನಲ್ಲಿ ಚಿತ್ರ ಆರಿಸಿ, ಮೇಲಿನ ಫೈಲ್ ಮೆನುವಿನಲ್ಲಿ 'ಎಕ್ಸ್‌ಪೋರ್ಟ್'ಗೆ ಹೋಗಿ. ಅಲ್ಲಿ ಎರಡು ಬಗೆ. 'ಅನ್‌ಮಾಡಿಫೈಡ್ ಒರಿಜಿನಲ್' ಅಂದರೆ ಕ್ಯಾಮೆರಾ ಕೊಟ್ಟ ಹಾಗೇ ಬರುತ್ತದೆ, ಫೋಟೋಸ್‌ನಲ್ಲಿ ನೀವು ಮಾಡಿದ ತಿದ್ದುಪಡಿ ಬರುವುದಿಲ್ಲ. ತಿದ್ದುಪಡಿ ಸಮೇತ ಬೇಕಾದರೆ ಇನ್ನೊಂದು. ಅದರಲ್ಲಿ ಫೈಲಿನ ಬಗೆ ಜೆಪೆಗ್ ಅಥವಾ ಟಿಫ್ ಅಂತ ಆರಿಸಬಹುದು. ಅಚ್ಚು ಹಾಕಿಸುವುದಿದ್ದರೆ ನಾನು ಟಿಫ್ ತೆಗೆದುಕೊಳ್ಳುತ್ತೇನೆ. ಫೈಲ್ ದಪ್ಪ, ಆದರೆ ಚಿತ್ರ ಸವೆಯುವುದಿಲ್ಲ. ಡೆಸ್ಕ್‌ಟಾಪ್‌ಗೆ ಬಂದ ಆ ಪ್ರತಿಯನ್ನು ಗಿಂಪ್‌ನಲ್ಲಿ ತೆರೆಯಿರಿ.

2017ರಿಂದ ಫೋಟೋಸ್‌ನ ಇಮೇಜ್ ಮೆನುವಿನಲ್ಲಿ 'ಎಡಿಟ್ ವಿತ್' ಕೂಡ ಇದೆ, ಚಿತ್ರವನ್ನು ನೇರ ಬೇರೆ ಆ್ಯಪ್‌ನಲ್ಲಿ ತೆರೆಯುವುದಕ್ಕೆ. ಫೋಟೋಶಾಪ್ ಬಳಸುವವರಿಗೆ ಅದು ಅನುಕೂಲ. ತಿದ್ದಿ ಸೇವ್ ಮಾಡಿದರೆ ಚಿತ್ರ ಉಗ್ರಾಣಕ್ಕೆ ಮರಳುತ್ತದೆ. ಗಿಂಪ್‌ನಲ್ಲಾದರೋ ಸೇವ್ ಎಂದರೆ ಅದರದ್ದೇ ಎಕ್ಸ್‌ಸಿಎಫ್ ಫೈಲ್. ಜೆಪೆಗ್ ಬೇಕಾದರೆ ಅಲ್ಲೂ ಎಕ್ಸ್‌ಪೋರ್ಟ್ ಅನ್ನಬೇಕು. ಎಷ್ಟು ಸಲ ಮರೆತಿದ್ದೇನೋ!

ಇನ್ನೊಂದು ಮಾತು. ಚಿತ್ರಗಳನ್ನು ಆಪಲ್‌ನ ಆನ್‌ಲೈನ್ ಉಗ್ರಾಣವಾದ ಐಕ್ಲೌಡ್‌ನಲ್ಲಿಟ್ಟು ಕಂಪ್ಯೂಟರಿನ ಜಾಗ ಉಳಿಸುವ ಆಯ್ಕೆ ಹಾಕಿದ್ದರೆ, ಮೂಲ ಚಿತ್ರ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದೇ ಇರಬಹುದು. ಕಾಣುವುದು ಸಣ್ಣ ಪ್ರತಿ ಅಷ್ಟೇ. ಎಕ್ಸ್‌ಪೋರ್ಟ್ ಮಾಡುವಾಗ ಇಂಟರ್‌ನೆಟ್ ಇರಲಿ, ಮೂಲ ಇಳಿದು ಬರುತ್ತದೆ. ಗಂಟಿನೊಳಗೆ ನುಗ್ಗಿದವನಿಗೆ ಅದೂ ಸಿಗುವುದಿಲ್ಲ.

ಅಜ್ಜಿಯ ಫೋಟೋ ಈಗ ನಡುಮನೆಯ ಗೋಡೆ ಮೇಲಿದೆ. ಹಗ್ಗ ಪೂರ್ತಿ ಹೋಯಿತು. ಕಿವಿಯ ಪಕ್ಕ ಒಂದು ನೀಲಿ ಕ್ಲಿಪ್ಪು ಮಾತ್ರ ಗಾಳಿಯಲ್ಲಿ ಉಳಿದುಕೊಂಡಿದೆ. ಅಮ್ಮ ಇನ್ನೂ ಗಮನಿಸಿಲ್ಲ. ಈ ಕಾರ್ಯಕ್ರಮ ಅವರು ಕೇಳುತ್ತಿಲ್ಲ ಅಂದುಕೊಂಡಿದ್ದೇನೆ.

ನಮಸ್ಕಾರ.