ರೆಟಿನಾ ಆಪರೇಷನ್ ಆದ ಮೇಲೆ ಮತ್ತೆ ಮತ್ತೆ ಯಾಕೆ ಬರಬೇಕು?

ಎಲ್ಲರಿಗೂ ನಮಸ್ಕಾರ. ರೆಟಿನಾ ಅಂದರೆ ಕಣ್ಣಿನೊಳಗೆ ಹಿಂಬದಿಯಲ್ಲಿರುವ, ನೋಟ ಮೂಡುವ ಪರದೆ. ಅದರ ಆಪರೇಷನ್ ಮಾಡಿಸಿಕೊಂಡವರು, ಅವರ ಮನೆಯವರು ಇಲ್ಲಿ ಸೇರಿದ್ದೀರಿ. ನಿಮ್ಮಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದೇ: "ಆಪರೇಷನ್ ಚೆನ್ನಾಗಿ ಆಯ್ತು ಅಂದ್ರಿ, ಮತ್ತೆ ಇಷ್ಟು ಸಲ ಯಾಕೆ ಬರಬೇಕು?"

ಈ ಪ್ರಶ್ನೆ ಏಳುವುದು ಸಹಜ. ನಮ್ಮಲ್ಲಿ ಕಣ್ಣಿನ ಆಪರೇಷನ್ ಅಂದರೆ ಪೊರೆ ತೆಗೆಸುವುದು ಅಂತಲೇ ಲೆಕ್ಕ. ಡಾ. ಎಂ. ಸಿ. ಮೋದಿಯವರು ಊರೂರಲ್ಲಿ ಶಿಬಿರ ನಡೆಸಿ ಪೊರೆ ತೆಗೆದದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಪೊರೆ ತೆಗೆಸಿದವರಿಗೆ ಒಂದೆರಡು ತಪಾಸಣೆ, ಆಮೇಲೆ ಕನ್ನಡಕ, ಅಲ್ಲಿಗೆ ಬಹುಪಾಲು ಮುಗಿಯಿತು. ರೆಟಿನಾ ಹಾಗಲ್ಲ. ಇಲ್ಲಿ ಒಂದೊಂದು ತೊಂದರೆ ಒಂದೊಂದು ಹೊತ್ತಿಗೆ ಬರುತ್ತದೆ. ಅದು ಬರುವ ಹೊತ್ತನ್ನು ನೋಡಿಯೇ ನಾವು ತಾರೀಕು ಕೊಡುತ್ತೇವೆ.

ರೆಟಿನಾ ಕಳಚಿಕೊಂಡಿದ್ದಕ್ಕೆ ಆಪರೇಷನ್ ಆಗಿದೆ, ಅದನ್ನು ಜಾಗದಲ್ಲಿ ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ ಅಂದುಕೊಳ್ಳಿ. ಮಾರನೇ ದಿನ ಮುಖ್ಯವಾಗಿ ನೋಡುವುದು ಕಣ್ಣಿನ ಒತ್ತಡ. ಗ್ಯಾಸ್ ಹಿಗ್ಗಿದರೆ ಒತ್ತಡ ಏರಿ ಕಣ್ಣಿನ ನರಕ್ಕೆ ಪೆಟ್ಟಾಗಬಹುದು. ಆ ದಿನ ಕೈ ಆಡಿಸಿದ್ದು ಮಾತ್ರ ಕಂಡರೆ ಹೆದರಬೇಡಿ, ಗ್ಯಾಸ್ ಇದ್ದಾಗ ಅಷ್ಟೇ ಕಾಣುವುದು. ವಾರದೊಳಗಿನ ತಪಾಸಣೆಯಲ್ಲಿ ಸೋಂಕು ಇದೆಯಾ ಅಂತ ನೋಡುತ್ತೇವೆ. ನೋವು ಜಾಸ್ತಿಯಾಯಿತು, ಕಣ್ಣು ಕೆಂಪಾಯಿತು, ಇದ್ದ ದೃಷ್ಟಿಯೂ ಕುಗ್ಗಿತು ಅಂದರೆ ತಾರೀಕಿಗೆ ಕಾಯಬೇಡಿ. ಭಾನುವಾರವಾದರೂ ಅವತ್ತೇ ಬನ್ನಿ. ಎರಡರಿಂದ ನಾಲ್ಕು ವಾರದ ಹೊತ್ತಿಗೆ ಕೆಲವರಿಗೆ ಸ್ಟೆರಾಯ್ಡ್ ಹನಿಯಿಂದ ಒತ್ತಡ ಏರುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ಅಳೆದರೆ ಮಾತ್ರ ಗೊತ್ತಾಗುತ್ತದೆ.

ನನಗೆ ಹೆಚ್ಚು ಚಿಂತೆ ಇರುವುದು ಆರರಿಂದ ಹನ್ನೆರಡನೇ ವಾರದ ಬಗ್ಗೆ. ಅಷ್ಟರಲ್ಲಿ ಗ್ಯಾಸ್ ಕರಗಿರುತ್ತದೆ ಅಥವಾ ಕರಗುತ್ತಾ ಬಂದಿರುತ್ತದೆ. ದೃಷ್ಟಿ ತಿಳಿಯಾಗುತ್ತದೆ. ಜನ ಹೊಲಕ್ಕೆ, ಅಂಗಡಿಗೆ, ಆಫೀಸಿಗೆ ವಾಪಸ್ ಹೋಗುತ್ತಾರೆ. ಸರಿಯಾಗಿ ಇದೇ ಹೊತ್ತಿಗೆ ಕೆಲವರ ರೆಟಿನಾ ಮೇಲೆ ಗಾಯದ ಕಲೆಯಂಥ ಪದರ ಬೆಳೆದು, ರೆಟಿನಾವನ್ನು ಮತ್ತೆ ಎಳೆದು ಕೀಳಲು ಶುರು ಮಾಡುತ್ತದೆ. ನೂರರಲ್ಲಿ 5ರಿಂದ 10 ಜನರಿಗೆ ಹೀಗಾಗುತ್ತದೆ. ಎಷ್ಟೋ ಸಲ ಅದು ಶುರುವಾಗುವುದು ಕೆಳಗಿನ ಅಂಚಿನಲ್ಲಿ. ನಡುಭಾಗ ಅಂಟಿಕೊಂಡಿರುವವರೆಗೆ ಓದಲು, ಟಿವಿ ನೋಡಲು ಏನೂ ಅಡ್ಡಿಯಿಲ್ಲ. ಬೇಗ ಕಂಡುಹಿಡಿದರೆ ನಡುಭಾಗವನ್ನು ಉಳಿಸಿಕೊಳ್ಳಬಹುದು. ಅದಕ್ಕೇ ಕೇಳಿಕೊಳ್ಳುವುದು: "ಚೆನ್ನಾಗಿ ಕಾಣ್ತಿದೆ ಅಲ್ವಾ" ಅಂತ ಈ ತಪಾಸಣೆಯನ್ನು ಬಿಡಬೇಡಿ.

ಗ್ಯಾಸ್ ಬಗ್ಗೆ ಇನ್ನೊಂದು ಮಾತು. ಒಂದು ಬಗೆಯದು ಸುಮಾರು ಎರಡು ವಾರ, ಇನ್ನೊಂದು ಎಂಟು ವಾರದವರೆಗೂ ಕಣ್ಣಲ್ಲಿ ಇರುತ್ತದೆ. ಅಲ್ಲಿಯವರೆಗೆ ವಿಮಾನ ಹತ್ತುವಂತಿಲ್ಲ. ದುಬೈಗೆ ಡ್ಯೂಟಿಗೆ ಹೋಗಬೇಕಾದ ಕರಾವಳಿಯವರು ಟಿಕೆಟ್ ಮಾಡಿಸುವ ಮೊದಲೇ ಕೇಳಿ. ಮಂಗಳೂರಲ್ಲಿ ಆಪರೇಷನ್ ಮಾಡಿಸಿ ಮಡಿಕೇರಿಗೆ ಘಾಟಿ ಹತ್ತುವವರೂ ಕೇಳಿ. ಎತ್ತರಕ್ಕೆ ಹೋದಂತೆ ಗ್ಯಾಸ್ ಹಿಗ್ಗುತ್ತದೆ, ಒತ್ತಡ ಏರುತ್ತದೆ. ಬೇರೆ ಯಾವ ಆಪರೇಷನ್‌ಗೆ ಹೋದರೂ ಅರಿವಳಿಕೆ ಡಾಕ್ಟರಿಗೆ ಕಣ್ಣಲ್ಲಿ ಗ್ಯಾಸ್ ಇದೆ ಎಂದು ಹೇಳಲೇಬೇಕು.

ಗ್ಯಾಸ್ ಬದಲು ಸಿಲಿಕೋನ್ ಎಣ್ಣೆ ಹಾಕಿಸಿಕೊಂಡವರ ಲೆಕ್ಕವೇ ಬೇರೆ. ಎಣ್ಣೆ ತಾನಾಗಿ ಕರಗುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಕೆಲವು ಕಣ್ಣಲ್ಲಿ ಮಾತ್ರ ಬೇಕಂತಲೇ ಉಳಿಸುತ್ತೇವೆ. ಹೇಗೋ ಕಾಣುತ್ತಿದೆ ಅಂತ ಹಾಗೇ ಬಿಟ್ಟರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಒತ್ತಡ ಏರುತ್ತದೆ, ಮುಂದಿನ ಕರಿಗುಡ್ಡೆಯೂ ಮಂಜಾಗಬಹುದು. ಹೀಗೆ ಹೋದ ದೃಷ್ಟಿ ಎಷ್ಟೋ ಸಲ ಮತ್ತೆ ಬರುವುದಿಲ್ಲ.

ಪ್ರತಿ ಸಲ ಇನ್ನೊಂದು ಕಣ್ಣನ್ನೂ ತೋರಿಸಿ. ತಪಾಸಣೆಗೆಂದು ಕಣ್ಣಿನ ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಬ್ಬಾಗುತ್ತದೆ. ಗಾಡಿ ಓಡಿಸಬೇಡಿ, ಜೊತೆಗೊಬ್ಬರನ್ನು ಕರೆದುಕೊಂಡು ಬನ್ನಿ.

ಬಸ್ ಚಾರ್ಜು, ಜೊತೆಗೆ ಇಬ್ಬರ ದಿನದ ಕೂಲಿ ಹೋಗುತ್ತದೆ ಅನ್ನುವುದು ನನಗೆ ಗೊತ್ತಿದೆ. ಅದಕ್ಕೇ ಡಿಸ್ಚಾರ್ಜ್ ಆಗುವಾಗಲೇ ಕೇಳಿ: ಯಾವುದನ್ನು ಊರಿನ ಹತ್ತಿರ ಮಾಡಿಸಬಹುದು, ಯಾವುದಕ್ಕೆ ಇಲ್ಲಿಗೇ ಬರಬೇಕು? ಒತ್ತಡವನ್ನು ಹತ್ತಿರದ ಕಣ್ಣಿನ ಡಾಕ್ಟರ್ ಅಳೆಯಬಹುದು. ರೆಟಿನಾದ ಅಂಚನ್ನು ಪೂರ್ತಿ ನೋಡುವುದಕ್ಕೆ ಮಾತ್ರ ರೆಟಿನಾ ಡಾಕ್ಟರೇ ಬೇಕು. ಎಲ್ಲಿಗೆ ಹೋದರೂ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಒಳಗೆ ಗ್ಯಾಸ್ ಇದೆಯೋ ಎಣ್ಣೆ ಇದೆಯೋ, ಯಾವಾಗ ಹಾಕಿದ್ದು ಅನ್ನುವುದು ಅದರಲ್ಲಿ ಬರೆದಿರುತ್ತದೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.