ಬೆಳೆಯೋ, ಬೇಳೆಯೋ?

ಆಕಾಶವಾಣಿ ಹಾಸನದ ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ 4ರಿಂದ 7 ವರ್ಷದ ಮಕ್ಕಳಿರುವ ತಾಯಂದಿರು, ಅಜ್ಜಿಯರು, ಅಂಗನವಾಡಿಯ ಅಕ್ಕಂದಿರು ಸ್ವಲ್ಪ ಕಿವಿಗೊಡಿ. ಇವತ್ತಿನ ಮಾತು ಎರಡೇ ಸ್ವರಗಳ ಬಗ್ಗೆ, ಗಿಡ್ಡ ಎ ಮತ್ತು ಉದ್ದ ಏ. ಹೇಳಬೇಕಾದದ್ದೂ ಒಂದೇ: ಸ್ವರ ಮೊದಲು ಕಿವಿಗೆ ಬೀಳಲಿ, ಅಕ್ಷರ ಆಮೇಲೆ ಬರಲಿ.

ಎರಡನೇ ತರಗತಿಯ ಒಬ್ಬ ಹುಡುಗಿ. ಅಂಗಡಿ ಚೀಟಿ ಬರಿ ಅಂದರೆ ‘ತೊಗರಿ ಬೆಳೆ, ಅರ್ಧ ಕೆಜಿ’ ಅಂತ ಬರೆಯುತ್ತಿದ್ದಳು. ಶಾಲೆಯ ಪುಸ್ತಕದಲ್ಲೂ ಅದೇ. ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತು ಸಲ ಬರೆಸಿದರು. ಹತ್ತನ್ನೂ ಸರಿಯಾಗಿ ಬರೆದಳು, ಮಾರನೇ ದಿನ ಮತ್ತೆ ‘ಬೆಳೆ’. ಅದೇ ಹುಡುಗಿ ಅಂಗಡಿ ಮುಂದೆ ನಿಂತು ‘ಅಣ್ಣಾ, ಬೇಳೆ ಕೊಡಿ’ ಅಂತ ಕೇಳುವಾಗ ಒಂದು ಸಲವೂ ತಪ್ಪಿಲ್ಲ. ಅಪ್ಪನ ಜೊತೆ ಹೊಲದಲ್ಲಿ ‘ಈ ಸಲ ಬೆಳೆ ಚೆನ್ನಾಗೈತೆ’ ಅನ್ನುವಾಗಲೂ ತಪ್ಪಿಲ್ಲ. ಅಂದರೆ ನಾಲಿಗೆಗೆ ಎರಡೂ ಗೊತ್ತು. ಆ ಎರಡು ಸದ್ದು ಬೇರೆ ಬೇರೆ ಅನ್ನುವುದನ್ನು ಕಿವಿ ಇನ್ನೂ ಗಮನಿಸಿಲ್ಲ, ಅಷ್ಟೇ. ಹತ್ತು ಸಲ ಬರೆಯುವಾಗ ಅವಳು ಮಾಡಿದ್ದು ಮೇಲಿನ ಸಾಲು ನೋಡಿ ಕೆಳಗೆ ಇಳಿಸುವ ಕೆಲಸ. ಸದ್ದಿಗೂ ಗೆರೆಗೂ ಗಂಟೇ ಬೀಳಲಿಲ್ಲ. ಪೆನ್ಸಿಲ್ ಎತ್ತಿಟ್ಟು ಎರಡು ತಟ್ಟೆ ಮುಂದಿಟ್ಟ ಮೇಲೆ ಅವಳಿಗೆ ದಾರಿ ಸಿಕ್ಕಿತು.

ಆ ತಟ್ಟೆಯಾಟ ಹೀಗೆ. ಒಂದು ತಟ್ಟೆಯಲ್ಲಿ ಒಂದು ಹಿಡಿ ತೊಗರಿ ಬೇಳೆ, ಇನ್ನೊಂದರಲ್ಲಿ ಬೆಳೆ ಅಂತ ಒಂದು ರಾಗಿ ತೆನೆ. ನೀವು ಪದ ಹೇಳಿ, ಮಗು ತಟ್ಟೆ ಮುಟ್ಟಲಿ. ಒಟ್ಟು 10 ಸಲ. ಇಲ್ಲಿ ದೊಡ್ಡವರು ಮಾಡುವ ತಪ್ಪುಗಳೇ ಹೆಚ್ಚು. ಬೇಳೆ ಅನ್ನುವಾಗ ನಿಮ್ಮ ಕಣ್ಣು ಬೇಳೆ ಕಡೆ ಹೋಗುತ್ತದೆ, ಮಗು ಕಣ್ಣನ್ನು ನೋಡಿ ಮುಟ್ಟುತ್ತದೆ. ಅದಕ್ಕೆ ಮುಖಕ್ಕೆ ಮೊರ ಅಡ್ಡ ಹಿಡಿಯಿರಿ. ಏ ಬಂದಾಗ ದನಿ ಏರಿಸುತ್ತೀರಿ, ಆಗ ಮಗು ಜೋರಾಗಿ ಅಂದದ್ದೇ ದೀರ್ಘ ಅಂತ ಕಲಿಯುತ್ತದೆ. ದನಿ ಒಂದೇ ಮಟ್ಟದಲ್ಲಿರಲಿ, ಎಳೆತ ಮಾತ್ರ ಬದಲಾಗಲಿ. ಒಂದಾದ ಮೇಲೆ ಒಂದರಂತೆ ಬೆಳೆ, ಬೇಳೆ, ಬೆಳೆ, ಬೇಳೆ ಅಂತ ಹೇಳಬೇಡಿ. ಮಗು ಕೇಳುವುದನ್ನು ಬಿಟ್ಟು ಸರದಿ ಎಣಿಸುತ್ತದೆ. 10ರಲ್ಲಿ 8 ಸರಿಯಾಗುವ ತನಕ ಇದೇ ಆಟ, ದಿನಕ್ಕೆ 10 ನಿಮಿಷ ಸಾಕು.

ಆಮೇಲೆ ಕುಂಟೆಬಿಲ್ಲೆ. ವ್ಯಾಕರಣದಲ್ಲಿ ಹ್ರಸ್ವಕ್ಕೆ, ಅಂದರೆ ಗಿಡ್ಡ ಸ್ವರಕ್ಕೆ, 1 ಮಾತ್ರೆ ಕಾಲ, ದೀರ್ಘಕ್ಕೆ 2 ಮಾತ್ರೆ ಕಾಲ ಅಂತಾರಲ್ಲ, ಅದನ್ನೇ ಕಾಲಿಗೆ ಕಲಿಸುವುದು. ಸೀಮೆಸುಣ್ಣದಲ್ಲಿ ಸಾಲಾಗಿ 6 ಮನೆ ಬರೆಯಿರಿ. ‘ಕೆರೆ’ ಅಂದರೆ ಒಂದು ಮನೆ, ‘ಕೇರೆ’ ಅಂದರೆ ಎರಡು ಮನೆ. ಕೇರೆ ಹಾವು ನಮ್ಮ ಮಕ್ಕಳಿಗೆ ಗೊತ್ತಿರುವುದೇ, ಚಿತ್ರ ಬೇಕಿಲ್ಲ. ಆದರೆ ಪದದ ಮೊದಲ ಅಕ್ಷರಕ್ಕೆ ಮಾತ್ರ ಕುಪ್ಪಳಿಸಲಿ. ‘ರೆ’ಗೂ ಕುಪ್ಪಳಿಸಿದರೆ ಮಗು ಅಕ್ಷರ ಎಣಿಸಲು ಶುರು ಮಾಡುತ್ತದೆ, ಉದ್ದ ಗಿಡ್ಡ ಮರೆತೇ ಹೋಗುತ್ತದೆ.

ಇಷ್ಟು ಕಿವಿಗೆ ಬಿದ್ದ ಮೇಲೆ, ಆಮೇಲೆ ಮಾತ್ರ, ಅಕ್ಷರ. ಅಗಲ ತಟ್ಟೆಯಲ್ಲಿ ಕಾಲು ಕೆಜಿ ರವೆ ಹರಡಿ. ಮೊದಲು ‘ಬೆ’ ಬರೆಸಿ. ನಂತರ ಅದರ ಪಕ್ಕಕ್ಕೆ ದೀರ್ಘ ಎಳೆಯುವಾಗ ಬೆರಳು ನಿಲ್ಲುವವರೆಗೂ ‘ಬೇ’ ದನಿ ನಿಲ್ಲಬಾರದು. ಆಗ ಆ ಗೆರೆ ಯಾಕಿದೆ ಅಂತ ಕೈಗೆ ತಿಳಿಯುತ್ತದೆ. ‘ಎತ್ವ, ಎತ್ವದ ದೀರ್ಘ’ ಅನ್ನುವ ಹೆಸರುಗಳಿಗೆ ಈಗಲೇ ಅವಸರವಿಲ್ಲ. ಕಾಗುಣಿತವನ್ನು ರಾಗವಾಗಿ ಹೇಳಿಸುವವರಿಗೆ ಒಂದು ವಿನಂತಿ: ರಾಗಕ್ಕೆ ಹೊಂದಿಸಲು ಮಕ್ಕಳು ಕೆ, ಕೇ ಎರಡನ್ನೂ ಒಂದೇ ಅಳತೆಗೆ ಎಳೆಯುತ್ತಾರೆ. ಬೇಕಾದ ವ್ಯತ್ಯಾಸ ಅಲ್ಲೇ ಅಳಿಸಿಹೋಗುತ್ತದೆ. ಸರ್ಕಾರಿ ಶಾಲೆಗಳ ನಲಿ ಕಲಿ ತರಗತಿಗಳಲ್ಲಿ ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಅಂತ ಶುರು ಮಾಡುತ್ತಾರೆ. ಹಾಗಾಗಿ ಸಾಲು ತಪ್ಪಿತು ಅನ್ನುವ ಭಯ ಯಾರಿಗೂ ಬೇಡ.

ಮಗು ‘ಬ್ಯಾಳೆ’ ಅಂದರೆ ಗದರಬೇಡಿ, ದಯವಿಟ್ಟು. ಬ್ಯಾಳೆಯ ಸ್ವರವೂ ದೀರ್ಘವೇ. ಬೆಳೆಯನ್ನು ಆ ಮಗು ‘ಬ್ಯಳೆ’ ಅನ್ನುವುದಿಲ್ಲ, ಗಮನಿಸಿ. ಉದ್ದ ಗಿಡ್ಡದ ವ್ಯತ್ಯಾಸ ಮನೆಮಾತಿನಲ್ಲೇ ಗಟ್ಟಿಯಾಗಿದೆ. ‘ನೀನು ಬ್ಯಾಳೆ ಅಂತ ಎಳೀತೀಯಲ್ಲ, ಅಲ್ಲೇ ದೀರ್ಘ ಬರೋದು’ ಅನ್ನಿ, ಸಾಕು.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಒ, ಓ ಕೂಡ ಇದೇ ದಾರಿ. ಕೊಡು, ಕೋಡು ಅಥವಾ ತೊಡು, ತೋಡು ಇಟ್ಟುಕೊಳ್ಳಿ. ಆದರೆ ಎ, ಏ ಗಟ್ಟಿಯಾಗುವ ಮೊದಲು ಅದಕ್ಕೆ ಕೈ ಹಾಕಬೇಡಿ, ನಾಲ್ಕೂ ಕಲಸಿಹೋಗುತ್ತವೆ. ಮಕ್ಕಳು ಹೆಚ್ಚಿದ್ದರೆ ಬಸ್ಸಿನ ಆಟ ಆಡಿಸಿ. ಒಬ್ಬ ಕಂಡಕ್ಟರ್ ಊರು ಕೂಗಲಿ. ಬೇಲೂರು ಅಂದರೆ ಬಸ್ಸು ಓಡಬೇಕು, ಬೆಳಗೊಳ ಅಂದರೆ ನಿಲ್ಲಬೇಕು. ಗೋಣಿಬೀಡಿಗೆ ಓಟ, ಗೊರೂರಿಗೆ ನಿಲುಗಡೆ. ಚೆನ್ನಕೇಶವ ಅಂತ ಕೂಗಿಸಬೇಡಿ, ಅದರಲ್ಲಿ ಚೆ ಗಿಡ್ಡ, ಕೇ ಉದ್ದ. ಅದು ಚೆನ್ನಾಗಿ ಪಳಗಿದವರಿಗೆ.

ತಟ್ಟೆಯಾಟದಲ್ಲಿ 10ಕ್ಕೆ 8 ಬರುವ ತನಕ ಬರೆಯುವ ಪುಸ್ತಕ ಚೀಲದಲ್ಲೇ ಇರಲಿ. ನಮಸ್ಕಾರ.