ಇದೆ, ಆದರೆ ಸದ್ಯಕ್ಕೆ ಮುಟ್ಟುವುದಿಲ್ಲ

ಎಲ್ಲರಿಗೂ ನಮಸ್ಕಾರ.

ಮಿದುಳಿನ ರಕ್ತನಾಳದ ಗೋಡೆ ಒಂದು ಕಡೆ ಸಡಿಲಗೊಂಡು ಉಬ್ಬಿಕೊಂಡರೆ ಅದನ್ನು ಅನ್ಯೂರಿಸಮ್ ಎನ್ನುತ್ತೇವೆ. ನೂರು ವಯಸ್ಕರಲ್ಲಿ ಸುಮಾರು 3 ಮಂದಿಗೆ ಇದು ಇರುತ್ತದೆ. ಹೆಚ್ಚಿನವರಿಗೆ ಅದು ಗೊತ್ತೇ ಆಗದೆ ಆಯುಷ್ಯ ಮುಗಿಯುತ್ತದೆ. ಒಡೆದರೆ ಮಾತ್ರ ಅನಾಹುತ: ರಕ್ತಸ್ರಾವವಾದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಉಳಿಯುವುದಿಲ್ಲ. ಹೆತ್ತವರು, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಹೀಗಾಗಿದ್ದರೆ, ಮಿಕ್ಕವರನ್ನು ಸ್ಕ್ಯಾನ್ ಮಾಡಿದಾಗ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಉಬ್ಬು ಕಾಣುತ್ತದೆ. ಅಂಥ ಮನೆಯವರಿಗೆ ತಪಾಸಣೆಯ ಸಲಹೆ ಕೊಡುವುದು ಇದಕ್ಕೇ.

ಸ್ಕ್ಯಾನ್ ಏನೋ ಸುಲಭ. ರಕ್ತನಾಳಗಳ ಚಿತ್ರ ತೆಗೆಯುವ ಎಂಆರ್ ಆಂಜಿಯೋಗ್ರಾಮ್‌ನಲ್ಲಿ ಎಕ್ಸ್-ರೇ ಇಲ್ಲ, ಸಾಮಾನ್ಯವಾಗಿ ಸೂಜಿಯೂ ಇಲ್ಲ. ಕಷ್ಟವಿರುವುದು ರಿಪೋರ್ಟ್ ಹಿಡಿದು ಮನೆಗೆ ಹೋದಮೇಲೆ.

ಇದೆ ಅಥವಾ ಇಲ್ಲ, ಉತ್ತರ ಎರಡೇ ಎಂದುಕೊಂಡು ಜನ ಬರುತ್ತಾರೆ. ಮೂರನೆಯದೊಂದಿದೆ: 'ಇದೆ, ಚಿಕ್ಕದು, ಸದ್ಯಕ್ಕೆ ಮುಟ್ಟುವುದಿಲ್ಲ.' ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕುವುದಕ್ಕೂ, ರಕ್ತನಾಳದ ಒಳಗಿನಿಂದ ಹೋಗಿ ಉಬ್ಬಿಗೆ ಕಾಯಿಲ್ (ಸಣ್ಣ ತಂತಿಸುರುಳಿ) ತುಂಬುವುದಕ್ಕೂ ಪಾರ್ಶ್ವವಾಯುವಿನ ಅಪಾಯ ಇದ್ದೇ ಇದೆ. ಮಿದುಳಿನ ಮುಂಭಾಗದ ನಾಳಗಳಲ್ಲಿ 7 ಮಿ.ಮೀ.ಗಿಂತ ಚಿಕ್ಕ ಉಬ್ಬು ಒಡೆಯುವ ಸಂಭವ ತೀರಾ ಕಡಿಮೆ. ಹಾಗಾಗಿ ಕಾದು ನೋಡುವುದು ವೈದ್ಯರ ಲೆಕ್ಕದಲ್ಲಿ ಜಾಣತನ. ಆದರೆ ಕಣ್ಣೆದುರೇ ತಾಯಿ ಕುಸಿದದ್ದನ್ನು ಕಂಡ ಮಗಳಿಗೆ ಶೇಕಡಾವಾರು ಲೆಕ್ಕ ಹೇಳಿ ಏನು ಪ್ರಯೋಜನ? ಅವಳಿಗೆ ಗೊತ್ತಿರುವ ಉಬ್ಬು ಒಂದೇ, ಅದು ಒಡೆದಿತ್ತು. ಆಮೇಲೆ ಪ್ರತಿ ತಲೆನೋವೂ ಅದೇ ಎನಿಸುತ್ತದೆ. ಮಗುವನ್ನು ಎತ್ತಿಕೊಳ್ಳಲು ಹಿಂಜರಿಕೆ, ಒಬ್ಬಳೇ ಮಲಗಲು ಭಯ. ಇಂಥವರೆದುರು ಕೆಲವು ವೈದ್ಯರು 'ಟೈಂ ಬಾಂಬ್' ಎಂಬ ಮಾತಾಡುತ್ತಾರೆ. ದಯವಿಟ್ಟು ಆ ಮಾತು ಬಿಟ್ಟುಬಿಡಿ, ಅದು ಸುಳ್ಳೂ ಹೌದು, ಕ್ರೂರವೂ ಹೌದು.

'ಇಲ್ಲ' ಎನ್ನುವ ಉತ್ತರವೂ ಕೊನೆಯದಲ್ಲ. ಉಬ್ಬು ಮುಂದೆ ಹೊಸದಾಗಿ ಮೂಡಬಹುದು, ಆದ್ದರಿಂದ ಐದಾರು ವರ್ಷಕ್ಕೊಮ್ಮೆ ಮತ್ತೆ ನೋಡುತ್ತಾರೆ, ಪ್ರತಿ ಸಲವೂ ಅದೇ ಕಾಯುವಿಕೆ. ಅಣ್ಣನಿಗೆ ಸಿಕ್ಕಿ ತನಗೆ ಸಿಗದಿದ್ದರೆ ಅದೊಂದು ಅಳುಕು ಬೇರೆ.

ಆದ್ದರಿಂದ ಮಾತು ಸ್ಕ್ಯಾನ್‌ಗೆ ಮೊದಲೇ ಆಗಬೇಕು. ಚಿಕ್ಕ ಉಬ್ಬು ಸಿಕ್ಕಿ ಹಾಗೇ ಬಿಟ್ಟರೆ ನಿಮಗೆ ನಿದ್ದೆ ಬರುತ್ತದೆಯೇ? ವಿಮೆ ಸಿಗುವುದು ಕಷ್ಟವಾಗಬಹುದು, ಅದನ್ನು ಯೋಚಿಸಿದ್ದೀರಾ? ಇವನ್ನೆಲ್ಲ ಕೇಳಿ 'ನನಗೆ ತಿಳಿಯುವುದು ಬೇಡ' ಎಂದರೆ ಅದನ್ನು ಹೇಡಿತನ ಎನ್ನಬೇಡಿ, ಯೋಚಿಸಿ ತೆಗೆದುಕೊಂಡ ತೀರ್ಮಾನ ಅದು.

ಭಯಕ್ಕೆ ನಾನು ಕಂಡ ಒಳ್ಳೆಯ ಮದ್ದು ಸ್ಪಷ್ಟ ವಿವರ. ಒಡೆಯದ ಚಿಕ್ಕ ಉಬ್ಬು ಸಾಮಾನ್ಯವಾಗಿ ನೋಯುವುದೇ ಇಲ್ಲ. ಒಡೆದಾಗಿನ ನೋವು ಕ್ಷಣದಲ್ಲಿ ಸಿಡಿಲಿನಂತೆ ಎರಗುತ್ತದೆ, ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟು ತಿಳಿದವರು ದಿನನಿತ್ಯದ ತಲೆನೋವಿಗೆ ಅಷ್ಟು ಹೆದರುವುದಿಲ್ಲ. ಸಿಗರೇಟು ಬಿಡುವುದು, ಬಿ.ಪಿ. ಹತೋಟಿಯಲ್ಲಿಡುವುದು ಅಪಾಯವನ್ನು ನಿಜವಾಗಿಯೂ ತಗ್ಗಿಸುತ್ತದೆ, ಕೈಯಲ್ಲಿ ಮಾಡಲು ಒಂದು ಕೆಲಸವನ್ನೂ ಕೊಡುತ್ತದೆ. ರಿಪೋರ್ಟ್ ಬಂದ ದಿನ ಯಾರಿಗೆ ಹೇಳಬೇಕು, ರಾತ್ರಿ ಗಾಬರಿಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಸ್ಕ್ಯಾನ್‌ಗೆ ಹೆಸರು ಬರೆಸುವ ದಿನವೇ ಗೊತ್ತುಮಾಡಿಕೊಳ್ಳಿ.